ಹೊಸನಗರದ ಹಬ್ಬವನ್ನು ಶಿವಮೊಗ್ಗದ ಬಿಸಿಲಿನಲ್ಲಿ ಮಾಡುವುದು ಹೇಗೆ?

ವಿನೋಬನಗರದ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆ ಮಾವ ಹೊಸನಗರ ತಾಲ್ಲೂಕಿನ ತೋಟದ ಮನೆಯನ್ನು ಮೈದುನನಿಗೆ ಒಪ್ಪಿಸಿ, ಕಳೆದ ಮಳೆಗಾಲ ಮುಗಿದ ಮೇಲೆ ಶಿವಮೊಗ್ಗಕ್ಕೆ ಬಂದು ನಮ್ಮ ಜೊತೆಗಿದ್ದಾರೆ. ಅತ್ತೆಗೆ ಎಪ್ಪತ್ತು ದಾಟಿದೆ, ರಕ್ತದೊತ್ತಡದ ಮಾತ್ರೆ ನಡೆಯುತ್ತಿದೆ. ಮನೆ ಎರಡನೆಯ ಮಹಡಿಯಲ್ಲಿ, ಮೇಲೆ ಬರಿಯ ಆರ್‌ಸಿಸಿ ತಾರಸಿ. ಈ ವರ್ಷ ಯುಗಾದಿ ಮಾರ್ಚ್ 19ಕ್ಕೆ. ಈಗಲೇ ಮಧ್ಯಾಹ್ನದ ಹೊತ್ತು ಗೋಡೆ ಮುಟ್ಟಿದರೆ ಕೈಗೆ ಬೆಚ್ಚಗೆ ತಾಗುತ್ತದೆ.

ಅತ್ತೆಯವರ ಯೋಜನೆ: ಬೆಳಗಿನ ಜಾವ ಎಲ್ಲರಿಗೂ ಎಣ್ಣೆ ಸ್ನಾನ, ಆಮೇಲೆ ಪೂಜೆ, ಪೂಜೆ ಮುಗಿದ ಮೇಲೆ ಒಲೆ ಹಚ್ಚಿ ನೆಂಟರಿಗೆಲ್ಲ ಹೋಳಿಗೆ ಊಟ. ನೈವೇದ್ಯ ಆಗುವವರೆಗೆ ಬಾಯಿಗೆ ನೀರೂ ಬೀಳಕೂಡದು. ಶಿವರಾತ್ರಿಯಂದು ಇದೇ ಹಟದಲ್ಲಿದ್ದು ಸಂಜೆಯ ಹೊತ್ತಿಗೆ ತಲೆ ಸುತ್ತಿ ಕುಳಿತುಬಿಟ್ಟರು. ‘ಊರಿನಲ್ಲಿ ಒಂದು ದಿನವೂ ಹೀಗೆ ಆಗಿರಲಿಲ್ಲ’ ಎನ್ನುತ್ತಾರೆ. ಅದೂ ನಿಜವೇ. ಊರಿನಲ್ಲಿ ಹೆಂಚಿನ ಮಾಡು, ಸುತ್ತ ಅಡಿಕೆ ತೋಟ, ಬಚ್ಚಲಿಗೆ ಗುಡ್ಡದಿಂದ ಹರಿದು ಬರುವ ಅಬ್ಬಿ ನೀರು.

ಹಬ್ಬ ಬಿಡುವ ಮಾತಿಲ್ಲ. ಅತ್ತೆಯವರ ಎದುರು ವಾದಿಸುವ ಧೈರ್ಯ ನನಗೂ ಇಲ್ಲ, ನಮ್ಮ ಯಜಮಾನರಿಗಂತೂ ಮೊದಲೇ ಇಲ್ಲ. ಯುಗಾದಿ ಒಂದೇ ಅಲ್ಲ, ಮುಂದೆ ನಾಗರ ಪಂಚಮಿ, ಭೂಮಿ ಹುಣ್ಣಿಮೆ, ದೀಪಾವಳಿ ಎಲ್ಲವೂ ಇವೆ. ಮಲೆನಾಡಿನಿಂದ ಇಳಿದು ಬಂದವರು ಇವನ್ನೆಲ್ಲ ಹೇಗೆ ಹೊಂದಿಸಿಕೊಂಡಿದ್ದೀರಿ?

ಬಳ್ಳಾರಿಯಿಂದ ಬಂದವನು

ಶಿವಮೊಗ್ಗದ್ದನ್ನು ಬಿಸಿಲು ಎಂದು ಕರೆದವರನ್ನು ಇದೇ ಮೊದಲು ನೋಡುತ್ತಿದ್ದೇನೆ! ನೌಕರಿಗೆಂದು ಇಲ್ಲಿಗೆ ಬಂದಾಗ ಏಪ್ರಿಲ್ ತಿಂಗಳಲ್ಲಿ ಫ್ಯಾನ್ ಹಾಕಿಕೊಂಡು ಹಾಯಾಗಿ ಮಲಗುತ್ತಿದ್ದೆ.

ತಮಾಷೆ ಇರಲಿ. ನಮ್ಮ ಕಡೆ ಬೇಸಿಗೆಯ ಹಬ್ಬದ ಒಲೆ ನಸುಕಿನಲ್ಲೇ ಹೊತ್ತುತ್ತದೆ, ಬಿಸಿಲೇರುವ ಮುಂಚೆ ಆರುತ್ತದೆ. ಪೂಜೆ ಮುಗಿಸಿ ಅಡುಗೆ ಮಾಡುವ ಕ್ರಮವನ್ನು ಮೊದಲು ತಿರುವಿ ಹಾಕಿ. ಇನ್ನು ತಾರಸಿಗೆ ಎರಡು ಕೈ ಸುಣ್ಣ ಬಳಿಯಿರಿ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಕೆಳಗಿನ ಕೋಣೆಯಲ್ಲಿ ವ್ಯತ್ಯಾಸ ಕೈಗೇ ತಿಳಿಯುತ್ತದೆ. ಕಾಂಕ್ರೀಟು ಹಗಲೆಲ್ಲ ಕುಡಿದ ಬಿಸಿಯನ್ನು ಸಂಜೆ ಒಳಗೆ ಬಿಡುತ್ತದೆ. ಆದ್ದರಿಂದ ತಾರಸಿಗೆ ನೀರು ಹಾಕುವುದಾದರೆ ಸೂರ್ಯ ಮುಳುಗಿದ ಮೇಲೆ ಹಾಕಿ. ಮಧ್ಯಾಹ್ನ ಸುರಿದ ನೀರು ಕಣ್ಣೆದುರಿಗೇ ಆರಿ ಹೋಗುತ್ತದೆ, ಅಷ್ಟೇ ಅಲ್ಲ, ನಿಮ್ಮ ಟ್ಯಾಂಕೂ ಖಾಲಿಯಾಗುತ್ತದೆ.

ಹೋಳಿಗೆಗೆ ನಮ್ಮ ಉಪಾಯ ಶೇಂಗಾ ಹೋಳಿಗೆ. ಮೂರು ದಿನ ಮೊದಲೇ ಮಾಡಿಟ್ಟರೂ ಏನೂ ಆಗುವುದಿಲ್ಲ.

ಗೋಪಾಳದ ಅಡುಗೆಯವರು

ಮದುವೆ, ಉಪನಯನ, ಹಬ್ಬದ ಅಡುಗೆ ನನ್ನ ಕಸುಬು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಬಳ್ಳಾರಿಯವರು ಹೇಳಿದ್ದು ಸರಿ. ಶೇಂಗಾ ಹೋಳಿಗೆ, ಸಕ್ಕರೆ ಹೋಳಿಗೆ ಎರಡರಲ್ಲೂ ನೀರಿನಂಶವಿಲ್ಲ, ಬೇಸಿಗೆಯಲ್ಲೂ ವಾರ ಉಳಿಯುತ್ತವೆ. ಕಾಯಿ ಹೋಳಿಗೆಯ ಹೂರಣವನ್ನು ನೀರು ಪೂರ್ತಿ ಇಂಗಿ ಬಾಣಲೆ ಬಿಡುವ ತನಕ ಕೈಯಾಡಿಸಿದರೆ ಎರಡು ದಿನಕ್ಕೆ ಚಿಂತೆಯಿಲ್ಲ. ಮೋಸ ಮಾಡುವುದು ಬೇಳೆ ಹೋಳಿಗೆ. ಕಡಲೆಬೇಳೆ ಬೆಂದ ಮೇಲೆ ಕಟ್ಟನ್ನು ಒಂದು ಹನಿಯೂ ಉಳಿಯದಂತೆ ಬಸಿಯಬೇಕು. ಕಟ್ಟು ಸಾರಿಗೆ ಹೋಗಲಿ, ಆದರೆ ಆ ಸಾರನ್ನು ಅದೇ ದಿನ ಮುಗಿಸಿ. ಮಾರ್ಚ್ ತಿಂಗಳಲ್ಲಿ ಶಿವಮೊಗ್ಗದ ಅಡುಗೆಮನೆಯಲ್ಲಿ ಬೆಳಗ್ಗೆ ರುಬ್ಬಿದ ಹೂರಣ ಸಂಜೆಯ ಹೊತ್ತಿಗೆ ಹುಳಿ ವಾಸನೆ ಹಿಡಿದಿರುತ್ತದೆ. ಹೊಸನಗರದಲ್ಲಿ ಮಾರನೆಯ ದಿನಕ್ಕೂ ಬರುತ್ತಿತ್ತಲ್ಲ ಎಂದು ಹಿರಿಯರು ಕೇಳುತ್ತಾರೆ. ಬರುತ್ತಿತ್ತು, ಅಲ್ಲಿನ ರಾತ್ರಿ ತಣ್ಣಗಿರುತ್ತಿತ್ತು.

ಹಸಿ ಕಾಯಿತುರಿ ಬಿದ್ದ ಪದಾರ್ಥಕ್ಕೂ ಇದೇ ಮಾತು. ಕೋಸಂಬರಿಗೆ ಉಪ್ಪು ಮತ್ತು ಕಾಯಿತುರಿಯನ್ನು ಎಲೆ ಹಾಕಿದ ಮೇಲೆ ಸೇರಿಸಿ. ಮೊದಲೇ ಉಪ್ಪು ಬಿದ್ದರೆ ಸೌತೆಕಾಯಿ ನೀರು ಬಿಟ್ಟು, ಬೇಳೆ ಮುದ್ದೆಯಾಗಿ, ಬಡಿಸುವವನಿಗೆ ಬೈಗುಳ.

ಇನ್ನೊಂದು ಮಾತು. ಬೇಸಿಗೆಗೆ ಬೇಕಾದ ಊಟ ಮಲೆನಾಡಿನ ಅಡುಗೆಮನೆಯಲ್ಲೇ ಇದೆ, ನೀವೇ ಅದನ್ನು ‘ದಿನದ ಅಡುಗೆ’ ಎಂದು ಹಬ್ಬದಿಂದ ಹೊರಗಿಟ್ಟಿದ್ದೀರಿ. ಒಂದೆಲಗದ ತಂಬುಳಿ, ದೊಡ್ಡಪತ್ರೆ ತಂಬುಳಿ, ಮಾವಿನಕಾಯಿಯ ಅಪ್ಪೆಹುಳಿ, ಮುರುಗಲು ಹಣ್ಣಿನ ಪಾನಕ. ಇವುಗಳಲ್ಲಿ ಅರ್ಧಕ್ಕೆ ಒಗ್ಗರಣೆಯ ಹೊತ್ತು ಬಿಟ್ಟರೆ ಒಲೆಯೇ ಬೇಡ. ಯುಗಾದಿಯ ಎಲೆಗೆ ಹುಳಿಯನ್ನು ಬಿಟ್ಟು ಅಪ್ಪೆಹುಳಿ ಬಡಿಸಿ ನೋಡಿ, ಲೋಟ ಹಿಡಿದುಕೊಂಡು ಮತ್ತೆ ಕೇಳುತ್ತಾರೆ. ಕರಿದ ಪದಾರ್ಥ ಒಂದೇ ಸಾಕು.

ನೀರಿಗೆ ಮಣ್ಣಿನ ಮಡಕೆ ಇಡಿ. ಮಡಕೆಯ ಮೈಯಿಂದ ನೀರು ಜಿನುಗಿ ಆರುವಾಗ ಒಳಗಿನ ನೀರು ತಣಿಯುತ್ತದೆ. ಇದಕ್ಕೆ ಒಣ ಗಾಳಿ ಬೇಕು. ಮಳೆಗಾಲದ ಆಗುಂಬೆಯಲ್ಲಿ ಮಡಕೆ ಇಟ್ಟರೆ ಪ್ರಯೋಜನವಿಲ್ಲ, ಮಾರ್ಚ್ ತಿಂಗಳ ಶಿವಮೊಗ್ಗದಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಕಿಟಕಿಯ ಬಳಿ, ನೆರಳಿನಲ್ಲಿ, ಮರಳಿನ ಮೇಲೆ ಇಡಿ.

ವಿನೋಬನಗರದ ಸೊಸೆ

ಅಡುಗೆಯವರೇ, ನಿಮಗೆ ಒಂದು ನಮಸ್ಕಾರ. ಹೋಳಿಗೆಯ ಮಾತನ್ನು ಅತ್ತೆಗೆ ಓದಿ ಹೇಳಿದೆ. ‘ಶೇಂಗಾ ಹೋಳಿಗೆಯಾ? ಅದು ಯಾರ ಹಬ್ಬ?’ ಎಂದರು. ತಂಬುಳಿಗೆ ಮಾತ್ರ ತಲೆಯಾಡಿಸಿದರು.

ತೀರ್ಥಹಳ್ಳಿಯ ಮೇಷ್ಟರು

ಯಾರ ಹಬ್ಬ ಎಂದು ಅತ್ತೆಯವರು ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. ಈ ಚರ್ಚೆಯಲ್ಲಿ ಮೊದಲು ಕೇಳಬೇಕಾಗಿದ್ದೂ ಅದೇ.

ಮಲೆನಾಡಿನ ಹಬ್ಬಗಳನ್ನೆಲ್ಲ ಒಂದೇ ಮೂಟೆ ಕಟ್ಟಿ ಬಯಲಿಗೆ ಇಳಿಸಿದರೆ ಕಷ್ಟವಾಗುವುದು ಸಹಜ. ಆದರೆ ಯುಗಾದಿ ಮಲೆನಾಡಿನ ಹಬ್ಬವೇ? ಬೇವು-ಬೆಲ್ಲವನ್ನೇ ನೋಡಿ. ಬೇವು ಒಣ ಸೀಮೆಯ ಮರ. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಸುತ್ತ ನೀವು ಬೇವಿನ ಮರವನ್ನು ಹುಡುಕಿಕೊಂಡು ಹೋಗಬೇಕು. ನಮ್ಮ ಮನೆಗೆ ಯುಗಾದಿಯ ಬೇವು ಬರುತ್ತಿದ್ದುದು ಶಿವಮೊಗ್ಗದ ಕಡೆಯಿಂದ ಬರುವ ಬಸ್ಸಿನಲ್ಲಿ, ಯಾರೋ ಪುಣ್ಯಾತ್ಮರ ಚೀಲದಲ್ಲಿ. ಅದು ಬಾಡಿ ಬಂದರೂ ಕಣ್ಣಿಗೊತ್ತಿಕೊಂಡು ತಿನ್ನುತ್ತಿದ್ದೆವು. ಶಿವಮೊಗ್ಗದ ಬೀದಿಗಳಲ್ಲಿ ಅದೇ ಬೇವು ಮಾರ್ಚ್-ಏಪ್ರಿಲ್ ಹೊತ್ತಿಗೆ ತಾನಾಗಿ ಹೂ ಬಿಡುತ್ತದೆ. ನಿಮ್ಮ ಅತ್ತೆಯವರನ್ನು ಹಬ್ಬದ ಬೆಳಗ್ಗೆ ಆರು ಗಂಟೆಗೆ ಕೆಳಗಿನ ಬೀದಿಗೆ ಕರೆದುಕೊಂಡು ಹೋಗಿ, ಗಿಡದಿಂದ ಆಗ ಕಿತ್ತ ಹೂವನ್ನು ಅವರ ಕೈಗೆ ಕೊಡಿ. ಯುಗಾದಿಗೆ ಹೊನ್ನಾರು ಕಟ್ಟಿ ಮೊದಲ ಉಳುಮೆ ಮಾಡುವುದೂ ಬಯಲು ಸೀಮೆಯ ಬೇಸಾಯದ ಲೆಕ್ಕ. ರಾಮನವಮಿಯ ಪಾನಕ, ನೀರುಮಜ್ಜಿಗೆ, ಹೆಸರುಬೇಳೆ ಕೋಸಂಬರಿ, ಬೀಸಣಿಗೆಯ ದಾನ ಇವೆಲ್ಲ ಬಿಸಿಲು ಗೊತ್ತಿದ್ದವರು ಕಟ್ಟಿದ ಹಬ್ಬ. ಇವುಗಳಿಗೆ ನಗರದ ಬಿಸಿಲು ಅಡ್ಡಿಯಲ್ಲ. ಬಿಸಿಲಿದ್ದರೇ ಇವಕ್ಕೆ ರುಚಿ.

ನಮ್ಮ ಕಡೆ ‘ದೊಡ್ಡ ಹಬ್ಬ’ ಎಂದರೆ ದೀಪಾವಳಿ. ಅದು, ಭೂಮಿ ಹುಣ್ಣಿಮೆ, ಹೊಸ್ತು, ಇವು ಗದ್ದೆ ತೋಟ ಕೊಟ್ಟಿಗೆಗಳ ಹಬ್ಬ. ಆದ್ದರಿಂದ ನನ್ನ ಸಲಹೆ ನೇರವಾಗಿದೆ. ಯುಗಾದಿ, ರಾಮನವಮಿಗಳನ್ನು ಶಿವಮೊಗ್ಗದಲ್ಲಿ ಶಿವಮೊಗ್ಗದವರಂತೆ ಮಾಡಿ. ದೊಡ್ಡ ಹಬ್ಬಕ್ಕೆ ಬೀಗ ಹಾಕಿ ಊರಿಗೆ ಹೋಗಿ. ಮೈದುನನ ಮನೆ ಎಲ್ಲಿಗೂ ಓಡಿ ಹೋಗಿಲ್ಲವಲ್ಲ.

ಹೊಸನಗರದ ತೋಟದವನು

ಮೇಷ್ಟರ ಮಾತಿಗೆ ನೂರಕ್ಕೆ ನೂರು ಒಪ್ಪಿಗೆ. ಆದರೆ ದೊಡ್ಡ ಹಬ್ಬಕ್ಕೆ ಪೇಟೆಯಿಂದ ಬರುವವರು ಹಬ್ಬದ ದಿನ ಬೆಳಗ್ಗೆ ಹತ್ತಕ್ಕೆ ಕಾರಿನಿಂದ ಇಳಿದು, ಫೋಟೊ ತೆಗೆದು, ಊಟ ಮಾಡಿ, ಮೂರಕ್ಕೆ ಹೊರಡುತ್ತಾರೆ. ಕೊಟ್ಟಿಗೆ ತೊಳೆಯುವುದು, ದನ ಮೀಯಿಸುವುದು, ಚೆಂಡುಹೂ ಅಡಿಕೆ ಸಿಂಗಾರ ಪೋಣಿಸುವುದು ಯಾರು? ಬರುವುದಾದರೆ ನೀರು ತುಂಬುವ ದಿನವೇ ಬನ್ನಿ. ಕೊಯ್ಲಿನ ಕಾಲ, ಇಲ್ಲಿ ಆಳು ಸಿಗುವುದಿಲ್ಲ.

ಕೂಡಲಿಯ ಪುರೋಹಿತರು

ಮೊದಲು ಉಪವಾಸದ ವಿಷಯ, ಅದು ತುರ್ತಿನದು. ನೀರು, ಗೆಡ್ಡೆ-ಗೆಣಸು, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣರ ಅಪೇಕ್ಷೆ, ಗುರುವಿನ ಮಾತು, ಔಷಧ – ಈ ಎಂಟರಿಂದ ವ್ರತ ಕೆಡುವುದಿಲ್ಲ ಎಂದು ಶಾಸ್ತ್ರವೇ ಹೇಳಿದೆ. ಪಟ್ಟಿಯಲ್ಲಿ ಮೊದಲನೆಯದು ನೀರು. ಎಪ್ಪತ್ತು ದಾಟಿದವರು ಮಾತ್ರೆಗೂ ನೀರು ಕುಡಿಯದೆ ಕುಳಿತುಕೊಳ್ಳಬೇಕೆಂದು ಯಾವ ಗ್ರಂಥವೂ ವಿಧಿಸಿಲ್ಲ. ಯುಗಾದಿಗಂತೂ ಉಪವಾಸವೇ ಇಲ್ಲ, ಬೇವು-ಬೆಲ್ಲ ತಿನ್ನುವುದೇ ಅಂದಿನ ವಿಧಿ.

ಎರಡನೆಯದು ಋತುವಿನ ಮಾತು. ಹಬ್ಬಕ್ಕೂ ಹವೆಗೂ ಈಗ ತಾಳ ತಪ್ಪಿದೆ ಎನ್ನುತ್ತಾರಲ್ಲ, ಮಲೆನಾಡಿನಲ್ಲಿ ಆ ತಾಳ ಎಂದೂ ಪೂರ್ತಿ ಕೂಡಿರಲಿಲ್ಲ. ಪಂಚಾಂಗದ ಪ್ರಕಾರ ಜ್ಯೇಷ್ಠ, ಆಷಾಢ ಎರಡೂ ಗ್ರೀಷ್ಮ ಋತು. ಆಷಾಢದಲ್ಲಿ ಆಗುಂಬೆಯಲ್ಲಿ ನಿಂತು ‘ಗ್ರೀಷ್ಮ ಋತೌ’ ಎಂದು ಸಂಕಲ್ಪ ಹೇಳುವವನ ಶಲ್ಯದಿಂದ ನೀರು ತೊಟ್ಟಿಕ್ಕುತ್ತಿರುತ್ತದೆ! ಅದಕ್ಕೇ ನಮ್ಮ ರೈತರು ಬೇಸಾಯಕ್ಕೆ ತಿಂಗಳನ್ನು ನಂಬಲಿಲ್ಲ, ಮಳೆ ನಕ್ಷತ್ರಗಳನ್ನು ನಂಬಿದರು. ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ ಎಂದು ಹದಿಮೂರು ಹದಿನಾಲ್ಕು ದಿನಗಳಿಗೊಂದು ಮಳೆ. ಇವು ಸೂರ್ಯನ ಲೆಕ್ಕ, ಹಾಗಾಗಿ ಪ್ರತಿ ವರ್ಷ ಹೆಚ್ಚುಕಡಿಮೆ ಅದೇ ತಾರೀಖಿಗೆ ಬರುತ್ತವೆ. ಹಬ್ಬಗಳು ಚಂದ್ರನ ಲೆಕ್ಕ. ಚಾಂದ್ರಮಾನ ವರ್ಷ ಸುಮಾರು 354 ದಿನದ್ದು, ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಮೂರು ವರ್ಷದೊಳಗೆ ಒಂದು ಅಧಿಕ ಮಾಸ ಬಂದು ಅದನ್ನು ಮತ್ತೆ ಮುಂದಕ್ಕೆ ಎಳೆಯುತ್ತದೆ.

ಈ ವರ್ಷ, ಅಂದರೆ 2026ರಲ್ಲಿ, ಮೇ 17ರಿಂದ ಅಧಿಕ ಜ್ಯೇಷ್ಠ. ಅದರಿಂದ ಮುಂದಿನ ಹಬ್ಬಗಳೆಲ್ಲ ತಡವಾಗುತ್ತವೆ. ಕಳೆದ ವರ್ಷ ನಾಗರ ಪಂಚಮಿ ಜುಲೈ 29ಕ್ಕೆ, ಪುಷ್ಯ ಮಳೆಯಲ್ಲಿ ಬಂದಿತ್ತು. ಈ ಬಾರಿ ಆಗಸ್ಟ್ 17ಕ್ಕೆ, ಮಘೆ ಮಳೆಗೆ ಬರುತ್ತದೆ. ಗಣೇಶ ಚತುರ್ಥಿ ಆಗಸ್ಟ್ 27 ಇದ್ದದ್ದು ಸೆಪ್ಟೆಂಬರ್ 14. ಸಂಕ್ರಾಂತಿಯೂ ಕದಲದೆ ಕುಳಿತಿಲ್ಲ. ವಿವೇಕಾನಂದರು ಹುಟ್ಟಿದ 1863ರ ಜನವರಿ 12 ಮಕರ ಸಂಕ್ರಾಂತಿಯ ದಿನವಾಗಿತ್ತು, ಈಗ 14, 15 ಆಗಿದೆ. ಇಷ್ಟೆಲ್ಲ ಸರಿದಾಟದ ನಡುವೆ ನಿಮ್ಮ ಮನೆಯ ಪೂಜೆ ಹತ್ತು ಗಂಟೆಯಿಂದ ಏಳು ಗಂಟೆಗೆ ಸರಿದರೆ ಧರ್ಮಕ್ಕೆ ಏನೂ ಧಕ್ಕೆಯಿಲ್ಲ.

ಒಂದು ಎಚ್ಚರಿಕೆ. ರಾಮನವಮಿಯ ಪೂಜೆ ಮಾತ್ರ ಮಧ್ಯಾಹ್ನದ್ದು, ರಾಮ ಹುಟ್ಟಿದ ಹೊತ್ತು ಅದು. ಪೂಜೆಯನ್ನು ಮನೆಯೊಳಗೆ ಚುಟುಕಾಗಿ ಮುಗಿಸಿ, ಪಾನಕ ಹಂಚುವುದು, ಭಜನೆ, ಮೆರವಣಿಗೆಗಳನ್ನು ಸಂಜೆಗೆ ಇಟ್ಟುಕೊಳ್ಳಿ. ತಗಡಿನ ಶೀಟಿನ ಕೆಳಗೆ ಮಟಮಟ ಮಧ್ಯಾಹ್ನ ಹೋಮ ಮಾಡಿಸುವ ಯಜಮಾನರನ್ನು ಕಂಡರೆ ನನಗೆ ಈಗಲೂ ಭಯ.

ದುರ್ಗಿಗುಡಿಯ ದಾದಿ

ಪುರೋಹಿತರು ನೀರಿಗೆ ಅನುಮತಿ ಕೊಟ್ಟಿದ್ದು ನಮ್ಮ ಅರ್ಧ ಕೆಲಸವನ್ನು ಉಳಿಸಿತು. ರಕ್ತದೊತ್ತಡದ ಕೆಲವು ಮಾತ್ರೆಗಳು ಮೂತ್ರವನ್ನು ಹೆಚ್ಚಿಸುತ್ತವೆ. ಅಂಥವನ್ನು ತೆಗೆದುಕೊಳ್ಳುವವರು ಬಿಸಿಲಿನಲ್ಲಿ ನೀರಿಲ್ಲದೆ ಇದ್ದರೆ ಬೇಗ ಸುಸ್ತಾಗುತ್ತಾರೆ. ಹಾಗೆಂದು ಹಬ್ಬದ ದಿನ ಮಾತ್ರೆಯನ್ನು ನಿಲ್ಲಿಸಬೇಡಿ, ಮುಂಚಿತವಾಗಿ ವೈದ್ಯರನ್ನು ಕೇಳಿ. ಎಣ್ಣೆ ಸ್ನಾನಕ್ಕೆ ಕುದಿಯುವ ನೀರು ಬೇಡ, ಉಗುರು ಬೆಚ್ಚಗಿದ್ದರೆ ಸಾಕು. ಎಣ್ಣೆ ನೆಲದ ಮೇಲೆ ಜಾರಿ ಬಿದ್ದು ಬರುವ ಹಿರಿಯರು ಹಬ್ಬದ ವಾರದಲ್ಲಿ ಹೆಚ್ಚು, ಬಚ್ಚಲಿನಲ್ಲಿ ಒಂದು ಸ್ಟೂಲ್ ಇಡಿ. ತಲೆ ಸುತ್ತು, ವಾಕರಿಕೆ, ಕಾಲು ಸೆಳೆತ ಬಂದರೆ ನೆರಳಿಗೆ ಕರೆದು, ಒದ್ದೆ ಬಟ್ಟೆ ಹಾಕಿ, ಓಆರ್‌ಎಸ್ ಕುಡಿಸಿ. ಮಾತು ತೊದಲಿದರೆ, ಗೊಂದಲಕ್ಕೆ ಬಿದ್ದರೆ ಮನೆಮದ್ದು ಬೇಡ, ತಕ್ಷಣ ಆಸ್ಪತ್ರೆಗೆ.

ಸೊರಬದ ಹುಡುಗಿ

ಮೇಷ್ಟರೇ, ನಿಮ್ಮ ಮಾತು ಓದಲು ಚೆನ್ನಾಗಿದೆ. ಆದರೆ ಊರಿಗೆ ಹೋಗಿ ಎನ್ನುವುದು ಊರಿನಲ್ಲಿ ಮನೆ, ಮನೆಯವರು, ರಜೆ ಮೂರೂ ಇರುವವರಿಗೆ. ನಾನು ಶಿವಮೊಗ್ಗದಲ್ಲಿ ಬಾಡಿಗೆ ಕೋಣೆಯಲ್ಲಿದ್ದು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಭೂಮಿ ಹುಣ್ಣಿಮೆಗೆ ನಮಗೆ ರಜೆ ಇಲ್ಲ.

ನಮ್ಮದು ದೀವರ ಮನೆ. ಹಬ್ಬದ ಎಡೆ ಹೊರುವ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುವುದನ್ನು ಅಮ್ಮನಿಂದ ಕಲಿತಿದ್ದೇನೆ. ಕಳೆದ ವರ್ಷ ತಾರಸಿಯ ಮೇಲೆ ದೊಡ್ಡ ಕುಂಡಗಳಲ್ಲಿ ಭತ್ತ ಹಾಕಿದ್ದೆ. ಜೂನ್‌ನಲ್ಲಿ ಬಿತ್ತಿದ್ದು, ಹುಣ್ಣಿಮೆಯ ಹೊತ್ತಿಗೆ ಸರಿಯಾಗಿ ಹೊಡೆ ಬಂದಿತ್ತು. ಚಿತ್ತೆ ಬಿಸಿಲಿಗೆ ತಾರಸಿ ಕಾದು ಕುಂಡದ ಬೇರು ಬಾಡದಿರಲಿ ಎಂದು ಕುಂಡಗಳಿಗೆ ಒದ್ದೆ ಗೋಣಿಚೀಲ ಸುತ್ತಿ, ಕೆಳಗೆ ತೆಂಗಿನ ನಾರು ಹಾಸಿದ್ದೆ. ಅಮಟೆಕಾಯಿ, ಹಾಗಲ, ಸಿಕ್ಕಷ್ಟು ಸೊಪ್ಪು ಬೇಯಿಸಿ ಅಚ್ಚಂಬಲಿ ಮಾಡಿ, ನಸುಕಿನಲ್ಲಿ ಎಡೆ ಇಟ್ಟು, ಎಂಟೂವರೆಗೆ ಕೆಲಸಕ್ಕೆ ಹೋದೆ. ಚಿಕ್ಕ ಬುಟ್ಟಿ ಒಂದೇ ಬರೆದದ್ದು, ದೊಡ್ಡದಕ್ಕೆ ಕೋಣೆಯಲ್ಲಿ ಜಾಗ ಇರಲಿಲ್ಲ.

ಹೊಸನಗರದ ತೋಟದವನು

ತಂಗೀ, ಬೇಸರ ಮಾಡಿಕೊಳ್ಳಬೇಡ. ಬಸುರಿ ಭೂಮಿಗೆ ಬಯಕೆ ತೀರಿಸುವ ಹಬ್ಬ ಅದು. ಕುಂಡಕ್ಕೆ ಎಂಥ ಬಯಕೆ? ನಾಳೆ ದೀಪಾವಳಿಗೆ ಪ್ಲಾಸ್ಟಿಕ್ ಹಸು ಇಟ್ಟು ಗೋಪೂಜೆ ಮಾಡುತ್ತಾರೆ. ಎಲ್ಲಾದರೂ ಒಂದು ಗೆರೆ ಬೇಡವೇ? ಭೂಮಿ ಇಲ್ಲದ ಕಡೆ ಭೂಮಿ ಹುಣ್ಣಿಮೆ ಎಂದರೆ ನಾಟಕವಾಗುತ್ತದೆ.

ಸೊರಬದ ಹುಡುಗಿ

ಅಣ್ಣ, ಬೇಸರವೇ ಆಯಿತು, ಆದ್ದರಿಂದ ಉತ್ತರ ಕೊಡುತ್ತೇನೆ. ಭೂಮಿ ಇರುವವರದೇ ಹಬ್ಬ ಎಂದಾದರೆ ನಮ್ಮ ಮುತ್ತಜ್ಜನ ಕಾಲದಲ್ಲಿ ನಮ್ಮ ಕೇರಿಯಲ್ಲಿ ಯಾರೂ ಈ ಹಬ್ಬ ಮಾಡುವಂತಿರಲಿಲ್ಲ. ಅವರೆಲ್ಲ ಗೇಣಿದಾರರು. 1951ರಲ್ಲಿ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದದ್ದು ಏಕೆಂದು ನಿಮಗೂ ಗೊತ್ತಿದೆ. 1974ರ ಭೂಸುಧಾರಣೆ ತಿದ್ದುಪಡಿ ಕಾಯ್ದೆ ಬಂದ ಮೇಲಷ್ಟೇ ಎಷ್ಟೋ ಮನೆಗಳಿಗೆ ತಾವು ಉಳುತ್ತಿದ್ದ ಗದ್ದೆ ತಮ್ಮ ಹೆಸರಿಗೆ ಬಂತು. ಅದಕ್ಕೂ ಮೊದಲು ತಲೆತಲಾಂತರ ಬೇರೆಯವರ ಗದ್ದೆಗೇ ಬುಟ್ಟಿ ಹೊತ್ತು, ಬೇರೆಯವರ ಪೈರಿಗೇ ಎಡೆ ಇಟ್ಟು, ‘ತಾಯಿ, ಬಂದು ಉಂಡು ಹೋಗು’ ಎಂದು ಕರೆದರು. ಆಗ ಅದು ನಾಟಕವಾಗಿರಲಿಲ್ಲ. ನನ್ನ ಕುಂಡದ ಮಣ್ಣು ಸೊರಬದಿಂದ ಅಪ್ಪ ಚೀಲದಲ್ಲಿ ತಂದುಕೊಟ್ಟದ್ದು, ಭತ್ತವೂ ನಮ್ಮ ಗದ್ದೆಯದು. ಪ್ಲಾಸ್ಟಿಕ್ ಹಸುವಿಗೂ ಅದಕ್ಕೂ ಹೋಲಿಕೆ ಹೇಗೆ?

ಬಳ್ಳಾರಿಯಿಂದ ಬಂದವನು

ತೋಟದವರೇ, ಈಗ ನೀವು ಮಡಕೆ ನೀರು ಕುಡಿಯುವುದು ಒಳ್ಳೆಯದು.

ವೇದಿಕೆಯ ನಿರ್ವಾಹಕ

ಚರ್ಚೆ ಬಿಸಿಲಿಗಿಂತ ಬಿಸಿಯಾಗುತ್ತಿದೆ. ಮೂಲ ಪ್ರಶ್ನೆಗೆ ಮರಳೋಣ.

ಗುಡ್ಡೇಕಲ್ಲಿನ ನೆರೆಯವರು

ನಾನೂ ಒಂದು ಮಾತು ಸೇರಿಸುತ್ತೇನೆ. ನಮ್ಮ ತಾತನವರು ತಮಿಳುನಾಡಿನಿಂದ ಶಿವಮೊಗ್ಗಕ್ಕೆ ಬಂದವರು. ಮುರುಗನ ಆಡಿ ಕೃತ್ತಿಕೆ ಅಲ್ಲಿ ಒಣ ಗಾಳಿಯ ಕಾಲದ ಹಬ್ಬ. ಇಲ್ಲಿ ಅದು ಸರಿಯಾಗಿ ಮಳೆಗಾಲದ ನಡುವೆ ಬೀಳುತ್ತದೆ. ಗುಡ್ಡೇಕಲ್ಲಿನಲ್ಲಿ ಹರೋಹರ ಎನ್ನುತ್ತ ಕಾವಡಿ ಹೊತ್ತವರು ನೆನೆದು ತೊಪ್ಪೆಯಾಗಿ ಬೆಟ್ಟ ಹತ್ತುತ್ತಾರೆ. ಯಾರೂ ಹಬ್ಬವನ್ನು ಬಿಡಲಿಲ್ಲ, ಮಳೆ ನೋಡಿ ಮುಂದಕ್ಕೂ ಹಾಕಲಿಲ್ಲ. ಕಾವಡಿಯ ಹೂವಿನ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿಕೊಂಡರು, ಅಷ್ಟೇ. ಅದು ಈಗ ನಗರದ ದೊಡ್ಡ ಜಾತ್ರೆಗಳಲ್ಲಿ ಒಂದು, ಎಲ್ಲ ಜಾತಿಯವರೂ ಬರುತ್ತಾರೆ. ಬಿಸಿಲಿನ ಜಾತ್ರೆ ನೋಡಬೇಕೆಂದರೆ ಎರಡು ವರ್ಷಕ್ಕೊಮ್ಮೆ ಬರುವ ಕೋಟೆ ಮಾರಿಕಾಂಬೆಯ ಜಾತ್ರೆ ಇದೆ. ಅದಕ್ಕೆ ಹೋಗುವ ಅನುಭವಿಗಳು ಬೆಳಗ್ಗೆ ಏಳರೊಳಗೆ ಸಾಲಿನಲ್ಲಿ ನಿಲ್ಲುತ್ತಾರೆ, ಅಥವಾ ರಾತ್ರಿ ಊಟ ಮುಗಿಸಿ ಹೋಗುತ್ತಾರೆ. ಮಧ್ಯಾಹ್ನ ಹೋಗುವವರು ಹೊಸಬರು. ಬರಿಗಾಲಿನಲ್ಲಿ ಕಾದ ನೆಲದ ಮೇಲೆ ನಿಂತಾಗ ಗೊತ್ತಾಗುತ್ತದೆ.

ತೀರ್ಥಹಳ್ಳಿಯ ಮೇಷ್ಟರು

ಸೊರಬದವರ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಗೇಣಿಯ ವಿಷಯ ನನ್ನ ಲೆಕ್ಕದಲ್ಲಿ ಬಂದೇ ಇರಲಿಲ್ಲ. ಆದರೂ ದೀಪಾವಳಿಯ ಬಗ್ಗೆ ನನ್ನ ಪಟ್ಟು ಸಡಿಲಿಸುವುದಿಲ್ಲ. ನನ್ನ ಪರಿಚಯದವರ ಮನೆಯಲ್ಲಿ ನೀರು ತುಂಬುವ ಹಬ್ಬಕ್ಕೆ ಗೀಸರಿಗೆ ಕೆಮ್ಮಣ್ಣಿನ ಪಟ್ಟೆ ಬರೆದು ಹಿಂಡಲೆಕಾಯಿಯ ಹಾರ ಹಾಕಿದ್ದರು! ಹಂಡೆಗೆ ಜೇಡಿ ಕೆಮ್ಮಣ್ಣು ಬಳಿದು, ಬಾವಿಯಿಂದ ನೀರು ಸೇದಿ ತುಂಬುವುದು ಮಳೆ ನಿಂತು ಬಾವಿ ತುಂಬಿರುವ ಸಂತೋಷಕ್ಕೆ. ಗೀಸರ್ ಯಾವ ಮಳೆಯನ್ನು ಕಂಡಿದೆ?

ವಿನೋಬನಗರದ ಸೊಸೆ

ಮೇಷ್ಟರೇ, ಗೀಸರ್ ಹಾರದ ಉಪಾಯವನ್ನು ಅತ್ತೆಗೆ ಹೇಳದೆ ಇರುತ್ತೇನೆ, ಖಂಡಿತ ಮಾಡಿಸುತ್ತಾರೆ.

ಯುಗಾದಿ ಮುಗಿಯಿತು, ವರದಿ ಒಪ್ಪಿಸುತ್ತೇನೆ. ಪುರೋಹಿತರ ಎಂಟರ ಪಟ್ಟಿ ಕೆಲಸ ಮಾಡಿತು. ದಾದಿಯವರ ಮಾತಿಗೆ ‘ಅವರಿಗೇನು ಗೊತ್ತು’ ಎಂದವರು ಪುರೋಹಿತರದ್ದು ಎಂದಾಗ ಲೋಟ ತೆಗೆದುಕೊಂಡರು. ಗುರುವಿನ ಮಾತೂ ಪಟ್ಟಿಯಲ್ಲಿ ಇದೆಯಲ್ಲ, ಎರಡು ಲೋಟ ಕುಡಿದರು. ಅಡುಗೆ ನಾಲ್ಕೂವರೆಗೆ ಶುರುವಾಗಿ ಎಂಟಕ್ಕೆ ಮುಗಿಯಿತು. ಕಾಯಿ ಹೋಳಿಗೆಯೇ ಆಗಬೇಕೆಂದರು, ಆಯಿತು, ಮಾರನೆಯ ದಿನವೂ ಚೆನ್ನಾಗಿತ್ತು. ಅಪ್ಪೆಹುಳಿ ಹನ್ನೆರಡರೊಳಗೆ ಖಾಲಿ. ಮಡಕೆ ಮಾತ್ರ ಜಿನುಗುವ ಬದಲು ಸೋರಿತು, ಅಂಗಡಿಯವನ ಮೇಲೆ ಅತ್ತೆಗೆ ಇನ್ನೂ ಸಿಟ್ಟಿದೆ. ಬೀದಿಯ ಬೇವಿನ ಮರದ ಹತ್ತಿರ ಕರೆದುಕೊಂಡು ಹೋದೆ. ಹೂ ಕಿತ್ತರು, ಜೊತೆಗೆ ಇಡೀ ಮಹಡಿಯವರಿಗೆ ಹಂಚುವಷ್ಟು ಕೊಂಬೆಗಳನ್ನೂ ಮುರಿಸಿದರು. ಹೊಸನಗರದ ನಾದಿನಿಗೂ ಒಂದು ಕಟ್ಟು ಹೋಯಿತು.

ಸುಣ್ಣ ಬಳಿಯಲು ಮನೆಯ ಮಾಲೀಕರು ಒಪ್ಪಿಲ್ಲ. ಅಡಿಕೆ ಸೋಗೆಯ ಚಪ್ಪರ ಹಾಕೋಣವೇ ಎಂದು ಮಾವ ಕೇಳುತ್ತಿದ್ದಾರೆ.

ಮುಂದಿನ ಪ್ರಶ್ನೆ ನಾಗರ ಪಂಚಮಿಯದು. ಕಡುಬಿಗೆ ಅರಿಶಿನದ ಎಲೆ ಬೇಕೇ ಬೇಕಂತೆ. ಕುಂಡದಲ್ಲಿ ಬರುತ್ತದೆಯೇ?

ಗೋಪಾಳದ ಅಡುಗೆಯವರು

ಸೋಗೆ ಚಪ್ಪರ ತಂಪು, ಆದರೆ ಬೇಸಿಗೆಯಲ್ಲಿ ಒಣಗಿದ ಸೋಗೆಗೆ ಕಿಡಿ ಹತ್ತಿದರೆ ನಿಲ್ಲುವುದಿಲ್ಲ. ಅದರ ಕೆಳಗೆ ಕರ್ಪೂರ, ಒಲೆ, ಪಟಾಕಿ ಯಾವುದೂ ಬೇಡ. ಮಳೆ ಹಿಡಿಯುವ ಮೊದಲು ತೆಗೆಸಿಬಿಡಿ. ಇನ್ನು ಕಡುಬಿಗೆ ಪೇಟೆಯ ಎಲೆ ನಂಬಬೇಡಿ, ಹಬ್ಬದ ಹಿಂದಿನ 
ದಿನ ಬಾಡಿದ ಎಲೆಗೂ ಬಾಯಿಗೆ ಬಂದ ಬೆಲೆ ಹೇಳುತ್ತಾರೆ.

ಹೊಸನಗರದ ತೋಟದವನು

ಅರಿಶಿನ ಕುಂಡದಲ್ಲಿ ಧಾರಾಳವಾಗಿ ಬರುತ್ತದೆ. ಅಗಲ ಬಾಯಿಯ ಕುಂಡ, ಒಂದು ಪಾಲು ಮಣ್ಣು, ಒಂದು ಪಾಲು ಕೊಟ್ಟಿಗೆ ಗೊಬ್ಬರ, ಕೆಳಗೆ ನೀರು ಹರಿದು ಹೋಗುವ ತೂತು. ಮೇ ಕೊನೆಯಲ್ಲಿ ಕಣ್ಣಿರುವ ಗೆಡ್ಡೆಯನ್ನು ಎರಡು ಬೆರಳು ಆಳಕ್ಕೆ ನೆಟ್ಟು, ಮಧ್ಯಾಹ್ನದ ಬಿಸಿಲು ಬೀಳದ ಕಡೆ ಇಡಿ. ಈ ಸಲ ಅಧಿಕ ಮಾಸದಿಂದ ಪಂಚಮಿ ಆಗಸ್ಟ್ 17ಕ್ಕೆ ಹೋಗಿರುವುದು ನಿಮಗೆ ಲಾಭ. ಕಳೆದ ವರ್ಷ ಜುಲೈ 29ಕ್ಕೆ ಎಲೆ ಇನ್ನೂ ಸಣ್ಣವಿದ್ದವು, ಈ ವರ್ಷ ಕಡುಬು ಮಡಚುವಷ್ಟು ಅಗಲ ಬಂದಿರುತ್ತವೆ. ಚಳಿಗಾಲಕ್ಕೆ ಗಿಡ ಒಣಗಿದರೆ ಸತ್ತಿತೆಂದು ಎಸೆಯಬೇಡಿ, ಗೆಡ್ಡೆ ಒಳಗಿರುತ್ತದೆ.

ಗೆಡ್ಡೆ ನಾನು ಕಳಿಸುತ್ತೇನೆ. ಮೇ ಕೊನೆಯ ವಾರ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಚೀಲ ಕೊಡುತ್ತೇನೆ, ಶಿವಮೊಗ್ಗದ ನಿಲ್ದಾಣಕ್ಕೆ ಬಂದು ತೆಗೆದುಕೊಂಡರೆ ಸಾಕು. ಸೊರಬದ ತಂಗಿಗೆ ಬೇಕಾದರೆ ಅವಳ ಪಾಲನ್ನೂ ಹಾಕುತ್ತೇನೆ. ನನ್ನ ಮಾತು ಕುಂಡದ ಭೂಮಿ ಹುಣ್ಣಿಮೆಯ ಬಗ್ಗೆ, ಕುಂಡದ ಅರಿಶಿನದ ಬಗ್ಗೆ ಅಲ್ಲ.

ಸೊರಬದ ಹುಡುಗಿ

ಗೆಡ್ಡೆ ಬೇಕು ಅಣ್ಣ. ಅಕ್ಟೋಬರ್‌ನಲ್ಲಿ ಅಚ್ಚಂಬಲಿಗೆ ಅಮಟೆಕಾಯಿಯೂ ಬೇಕಾಗುತ್ತದೆ, ಅದೂ ನಿಮ್ಮ ತೋಟದ ಬೇಲಿಯಲ್ಲಿ ಇದ್ದರೆ ಈಗಲೇ ಹೇಳಿಡುತ್ತಿದ್ದೇನೆ.